ಒಣಗಿದ ಗಿಡ ಕಿತ್ತು ನೋಡಿ: ಕಡಲೆ, ತೊಗರಿ, ದಾಳಿಂಬೆಯಲ್ಲಿ ಸಿಡಿ ರೋಗ ಪತ್ತೆ ಹಚ್ಚುವ ಕ್ರಮ

ಹಿಂಗಾರಿ ಕಡಲೆ ಬಿತ್ತಿ ಮೂರು ವಾರ ಆಗಿರುತ್ತದೆ. ಎರೆ ಹೊಲದಲ್ಲಿ ಹಸಿ ಇನ್ನೂ ಇದೆ. ಆದರೂ ಅಲ್ಲೊಂದು ಇಲ್ಲೊಂದು ಗಿಡ ಜೋತು ಬಿದ್ದು ನೆಲ ಹಿಡಿದಿರುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಇದಕ್ಕೆಲ್ಲ 'ಸಿಡಿ ಹತ್ತೇತಿ' ಅಂತ ಒಂದೇ ಮಾತು. ತೊಗರಿಯಲ್ಲಾದರೆ ನೆಟೆ ರೋಗ, ದಾಳಿಂಬೆಯಲ್ಲಾದರೆ ಸೊರಗು ರೋಗ. ಹೆಸರು ಹೇಳಿದ ಮರುದಿನವೇ ಅಂಗಡಿಯಿಂದ ಕಾರ್ಬೆಂಡಾಜಿಂ ಎಂಬ ಶಿಲೀಂಧ್ರನಾಶಕ ಬಂದು ಪಂಪಿಗೆ ಬೀಳುತ್ತದೆ, ಎಲೆಯ ಮೇಲೆ ಸಿಂಪಡಣೆ ಆಗುತ್ತದೆ, ಗಿಡ ಸಾಯುವುದು ಮಾತ್ರ ನಿಲ್ಲುವುದಿಲ್ಲ.

ಒಣಗುವುದು ಬರೀ ಲಕ್ಷಣ. ಕಡಲೆಯೊಂದರಲ್ಲೇ ಮಣ್ಣಿನ ಮೂರು ಬೇರೆ ಬೇರೆ ಶಿಲೀಂಧ್ರಗಳು ಗಿಡವನ್ನು ಹೆಚ್ಚೂ ಕಡಿಮೆ ಒಂದೇ ಥರ ಒಣಗಿಸುತ್ತವೆ. ಜೊತೆಗೆ ಒಂದು ನಂಜುರೋಗ, ಗೆದ್ದಲು, ನೀರು ನಿಲ್ಲುವುದು ಬೇರೆ. ಇವುಗಳಲ್ಲಿ ಯಾವುದು ಅನ್ನುವುದು ಮುಂದಿನ ವರ್ಷ ಆ ಹೊಲದಲ್ಲಿ ಏನು ಬಿತ್ತಬೇಕು ಅನ್ನುವುದನ್ನೇ ಬದಲಿಸುತ್ತದೆ. ನಿಜವಾದ ಸಿಡಿ ರೋಗ ಆಗಿದ್ದರೆ ಜೋಳ ಒಳ್ಳೆಯ ಪರ್ಯಾಯ ಬೆಳೆ. ಒಣ ಬೇರು ಕೊಳೆ ಆಗಿದ್ದರೆ ಅದೇ ಜೋಳ ಆ ರೋಗವನ್ನು ಹೊಲದಲ್ಲಿ ಸಾಕುತ್ತದೆ. ಹಾಗಾಗಿ ಔಷಧಕ್ಕೆ ಮೊದಲು ಗುದ್ದಲಿ, ಚಾಕು, ಒಂದು ಬಕೆಟ್ ನೀರು.

ಶಿಲೀಂಧ್ರ ಒಳಗೆ ಹೋಗುವ ದಾರಿ

ಕಡಲೆಯ ಸಿಡಿ ರೋಗಕ್ಕೆ ಕಾರಣ ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರದ ಸೈಸರಿಸ್ ಎಂಬ ಬಗೆ. ತೊಗರಿಯ ನೆಟೆ ರೋಗಕ್ಕೆ ಫ್ಯುಸೇರಿಯಂ ಉಡಂ. ಎರಡೂ ಒಂದೇ ಕುಲದವು, ಆದರೆ ಕಡಲೆಯದು ತೊಗರಿಯನ್ನು ಕೊಲ್ಲುವುದಿಲ್ಲ, ತೊಗರಿಯದು ಕಡಲೆಯನ್ನು ಕೊಲ್ಲುವುದಿಲ್ಲ. 'ಹೋದ ವರ್ಷ ತೊಗರಿಗೆ ಬಂದಿತ್ತು, ಈ ವರ್ಷ ಕಡಲೆಗೂ ಅದೇ ಹತ್ತಿತು' ಅನ್ನುವವರ ಹೊಲದಲ್ಲಿ ಸಾಮಾನ್ಯವಾಗಿ ಎರಡು ಬೇರೆ ರೋಗಗಳಿರುತ್ತವೆ, ಇಲ್ಲವೇ ಎರಡಕ್ಕೂ ಹತ್ತುವ ಬೇರು ಕೊಳೆ ಇರುತ್ತದೆ.

ಬೆಳೆ ಇಲ್ಲದ ಕಾಲದಲ್ಲಿ ಈ ಶಿಲೀಂಧ್ರ ದಪ್ಪ ಗೋಡೆಯ ಬೀಜಕಣಗಳಾಗಿ ಮಣ್ಣಿನಲ್ಲಿ ಮತ್ತು ಹಳೆಯ ಬೇರು ಕೂಳೆಗಳಲ್ಲಿ ಕೂತಿರುತ್ತದೆ. ಕಡಲೆಯದು ಆರು ವರ್ಷದವರೆಗೆ ಹೀಗೆ ಜೀವ ಹಿಡಿದಿರಬಲ್ಲದು. ತೊಗರಿಯದು ಕೂಳೆಯಲ್ಲಿ ಸುಮಾರು ಮೂರು ವರ್ಷ. ಹತ್ತಿರ ಎಳೆ ಬೇರು ಬಂದು ಅದರಿಂದ ಸಕ್ಕರೆ, ಅಮೈನೋ ಆಮ್ಲ ಜಿನುಗಿದಾಗ ಬೀಜಕಣ ಮೊಳೆಯುತ್ತದೆ. ಬೇರಿನ ತುದಿ, ಕವಲು ಬೇರು ಒಡೆದು ಹೊರಬರುವ ಜಾಗ, ಎಡೆ ಹೊಡೆಯುವಾಗಲೋ ಮಣ್ಣಿನ ಸೂಕ್ಷ್ಮ ಜಂತುಹುಳು (ನೆಮಟೋಡ್) ಕಚ್ಚಿದ್ದರಿಂದಲೋ ಆದ ಗಾಯ: ಒಳಗೆ ಹೋಗಲು ಇಷ್ಟು ಸಾಕು. ತೊಗಟೆಯ ಪದರ ದಾಟಿ ನೀರು ಸಾಗಿಸುವ ನಾಳ ತಲುಪಿದ ಮೇಲೆ ಅದರ ವೇಗವೇ ಬೇರೆ. ನಾಳದೊಳಗೆ ಸಣ್ಣ ಬೀಜಕಣಗಳು ಹುಟ್ಟಿ ಏರುವ ನೀರಿನ ಜೊತೆ ಮೇಲೆ ಹೋಗುತ್ತವೆ, ನಾಳದ ಅಡ್ಡಗೋಡೆಗೆ ಸಿಕ್ಕಿಕೊಳ್ಳುತ್ತವೆ, ಅಲ್ಲಿ ಮೊಳೆತು ಆಚೆ ದಾಟುತ್ತವೆ, ಮತ್ತೆ ಬೀಜಕಣ ಬಿಡುತ್ತವೆ. ಇದನ್ನು ತಡೆಯಲು ಗಿಡ ತಾನೇ ನಾಳದೊಳಗೆ ಅಂಟು ಸುರಿದು ಮುಚ್ಚಿಕೊಳ್ಳುತ್ತದೆ. ಶಿಲೀಂಧ್ರದ ಎಳೆ ಒಂದು ಕಡೆ, ಗಿಡದ ಅಂಟು ಇನ್ನೊಂದು ಕಡೆ, ಕಸ ಕಟ್ಟಿದ ಡ್ರಿಪ್ ಲ್ಯಾಟರಲ್‌ನ ಹಾಗೆ ನೀರು ಮೇಲೆ ಏರುವುದು ನಿಲ್ಲುತ್ತದೆ. ಮಣ್ಣಲ್ಲಿ ಹಸಿ ಇದ್ದೂ ಎಲೆ ಜೋತು ಬೀಳುವುದು ಈ ಕಾರಣಕ್ಕೆ. ನಾಳದ ಸುತ್ತ ಕಂದು ಬಣ್ಣ ಬರುವುದೂ ಈ ಹೋರಾಟದಿಂದಲೇ, ರೋಗ ಗುರುತಿಸಲು ನಮಗೆ ಸಿಗುವ ಅತಿ ಗಟ್ಟಿ ಸಾಕ್ಷಿ ಅದು.

ಎಲೆಗೆ ಸಿಂಪಡಿಸಿದ್ದು ಯಾಕೆ ನಾಟುವುದಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಕಾರ್ಬೆಂಡಾಜಿಂ ಗಿಡದೊಳಗೆ ಕೆಳಗಿನಿಂದ ಮೇಲೆ ಹೋಗುತ್ತದೆಯೇ ಹೊರತು ಎಲೆಯಿಂದ ಬೇರಿಗೆ ಇಳಿಯುವುದಿಲ್ಲ.

ಮೊದಲು ಹೊಲ, ಆಮೇಲೆ ಗಿಡ

ಗಿಡ ಕೀಳುವ ಮುಂಚೆ ಬದುವಿನ ಮೇಲೆ ನಿಂತು ಒಣಗಿದ ಗಿಡಗಳು ಎಲ್ಲಿ ಹೇಗೆ ಹರಡಿವೆ ನೋಡಿ. ಮಣ್ಣಿನಿಂದ ಬರುವ ಶಿಲೀಂಧ್ರ ಪಟ್ಟೆ ಪಟ್ಟೆಯಾಗಿ, ಮಡಿಮಡಿಯಾಗಿ ಬರುತ್ತದೆ. ಮುಂದಿನ ವರ್ಷ ಅದೇ ಬೆಳೆ ಹಾಕಿದರೆ ಅದೇ ಜಾಗದಲ್ಲಿ ಬರುತ್ತದೆ, ರೆಂಟೆ ಎಳೆದ ದಿಕ್ಕಿಗೆ ಸ್ವಲ್ಪ ಉದ್ದವಾಗಿರುತ್ತದೆ. ಹೊಲದ ತಗ್ಗಿನಲ್ಲಿ, ಒಡ್ಡಿನ ಒಳಮಗ್ಗುಲಲ್ಲಿ ಮಾತ್ರ ಇದ್ದರೆ ಮೊದಲ ಅನುಮಾನ ನೀರು ನಿಂತದ್ದರ ಮೇಲೆ ಇರಲಿ. ಸಾಲಿನ ಉದ್ದಕ್ಕೂ ಒಂದೇ ಅಳತೆಯಲ್ಲಿ ಇದ್ದರೆ ಕೂರಿಗೆಯಲ್ಲಿ ಗೊಬ್ಬರ ಬೀಜಕ್ಕೆ ತಾಗಿ ಬಿದ್ದಿತ್ತೋ, ಹಿಂದಿನ ಕಳೆನಾಶಕ ಉಳಿದಿದೆಯೋ ವಿಚಾರಿಸಿ. ಇಡೀ ಹೊಲ ಒಂದೇ ದಿನ ಬಾಡಿದ್ದರೆ ಅದು ಸಿಡಿ ರೋಗ ಆಗಿರುವ ಸಾಧ್ಯತೆ ತೀರ ಕಡಿಮೆ.

ನೋಡುವ ಹೊತ್ತು ಬೆಳಗ್ಗೆ, ಬಿಸಿಲು ಏರುವ ಮೊದಲು. ಮಧ್ಯಾಹ್ನ ಜೋತು ಬಿದ್ದು ಬೆಳಗ್ಗೆ ಎದ್ದು ನಿಂತ ಗಿಡಕ್ಕೆ ನೀರಿನ ಕೊರತೆ. ಬೆಳಗಿನ ಜಾವದಲ್ಲೂ ಜೋತೇ ಇದ್ದರೆ ಮುಂದಿನ ಹೆಜ್ಜೆ ಹಾಕಿ.

ಕೀಳುವುದು, ತೊಳೆಯುವುದು, ಸೀಳುವುದು

ಪೂರ್ತಿ ಒಣಗಿ ಕಡ್ಡಿಯಾದ ಗಿಡ ಬೇಡ. ಸತ್ತ ಗಿಡದ ಮೇಲೆ ಯಾವ ಬೂಸ್ಟು ಬೇಕಾದರೂ ಬೆಳೆದಿರುತ್ತದೆ, ಒಳಗಿನ ಬಣ್ಣ ಸುಳ್ಳು ಹೇಳುತ್ತದೆ. ಅರ್ಧ ಬಾಡಿದ, ತುದಿ ಇನ್ನೂ ಹಸಿರಾಗಿರುವ ಐದಾರು ಗಿಡ ಆರಿಸಿ. ಅವು ಬೇರೆ ಬೇರೆ ಪಟ್ಟೆಯವಾಗಿರಲಿ. ಹೋಲಿಸಲು ದೂರದ ಚೆನ್ನಾಗಿರುವ ಎರಡು ಗಿಡ ಬೇಕೇ ಬೇಕು. ಹೋಲಿಸುವ ಗಿಡ ಇಲ್ಲದೆ ಬಣ್ಣ ನೋಡಿದವರು ಬಲಿತ ತೊಗರಿಯ ಸಹಜ ಕಂದನ್ನೂ ರೋಗ ಅಂದುಬಿಡುತ್ತಾರೆ.

ಕೈಯಿಂದ ಎಳೆಯಬೇಡಿ. ಬುಡದಿಂದ ನಾಲ್ಕು ಬೆರಳು ಆಚೆ ಗುದ್ದಲಿ ಇಳಿಸಿ ಒಂದು ಅಡಿ ಆಳದ ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ. ಎಳೆದರೆ ತಾಯಿ ಬೇರು ಅರ್ಧಕ್ಕೆ ತುಂಡಾಗಬಹುದು, ಆಗ ರೋಗದಿಂದ ತುಂಡಾಯಿತೋ ನೀವು ತುಂಡು ಮಾಡಿದಿರೋ ತಿಳಿಯುವುದಿಲ್ಲ. ಹೆಂಟೆಯನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಎರೆ ಮಣ್ಣು ತಾನೇ ಬಿಡುತ್ತದೆ. ಉಜ್ಜಬೇಡಿ; ತೆಳು ಬೇರು, ಬುಡದ ಬಿಳಿ ಬೂಸ್ಟು ಎಲ್ಲ ಉಜ್ಜಿದರೆ ಹೋಗುತ್ತದೆ.

ಈಗ ಬೇರನ್ನು ಹೊರಗಿನಿಂದ ನೋಡಿ: ಕವಲು ಬೇರು ಇವೆಯೇ, ತೊಗಟೆ ಗಟ್ಟಿಯಾಗಿದೆಯೇ, ಬಗ್ಗಿಸಿದರೆ ಬಳುಕುತ್ತದೆಯೋ ಪಟಕ್ಕನೆ ಮುರಿಯುತ್ತದೆಯೋ. ಆಮೇಲೆ ಹರಿತ ಚಾಕು ಅಥವಾ ಬ್ಲೇಡಿನಿಂದ ಬುಡದ ಎರಡು ಇಂಚು ಕೆಳಗಿನಿಂದ ಹಿಡಿದು ಒಂದು ಗೇಣು ಮೇಲಿನವರೆಗೆ ಉದ್ದಕ್ಕೆ ಸೀಳಿ. ಮೊಂಡು ಕುಡುಗೋಲಿನಿಂದ ಸೀಳಿದರೆ ಜಜ್ಜಿ ನಾರು ಕಪ್ಪಾಗಿ ಕಾಣುತ್ತದೆ. ಸೀಳಿದ ಕೂಡಲೇ ನೋಡಿ. ಹೊತ್ತು ಕಳೆದರೆ ಗಾಳಿಗೆ ಆರೋಗ್ಯದ ಗಿಡವೂ ಕಂದಾಗುತ್ತದೆ.

ಕಡಲೆ: ಕಂಡದ್ದು ಏನು ಹೇಳುತ್ತದೆ

ಬೇರು ಹೊರಗೆ ನೋಡಲು ಚೆನ್ನಾಗಿದೆ, ಕೊಳೆತಿಲ್ಲ, ಕವಲು ಬೇರು ಇವೆ. ಸೀಳಿದರೆ ನಡುವೆ ಬುಡದಿಂದ ಮೇಲಕ್ಕೆ ಗಾಢ ಕಂದು, ಇಲ್ಲವೇ ಕಪ್ಪು ಗೆರೆ ಓಡಿದೆ. ಇದು ಸಿಡಿ ರೋಗ. ಎಳೆ ಗಿಡವಾದರೆ ಎಲೆ ಹಳದಿಯಾಗದೆ ಮಂಕು ಹಸಿರಲ್ಲೇ ಬಿದ್ದುಬಿಡುತ್ತದೆ. ಹೂ, ಕಾಯಿ ಹೊತ್ತಿನಲ್ಲಿ ಬಂದರೆ ಮೊದಲು ತುದಿ ಎಲೆಗಳ ತೊಟ್ಟು ಜೋತು ಬೀಳುತ್ತದೆ, ಕೆಲವೊಮ್ಮೆ ಒಂದೇ ಕೊಂಬೆ ಒಣಗಿ ಉಳಿದವು ನಿಂತಿರುತ್ತವೆ. ಹೀಗೆ ತಡವಾಗಿ ಸತ್ತ ಗಿಡದಲ್ಲೂ ಕಾಳು ಸಿಗುತ್ತದೆ, ಆದರೆ ಹಗುರ, ಸೊರಗಿದ ಕಾಳು, ಮತ್ತು ಅದರೊಳಗೆ ರೋಗವೂ ಇರಬಹುದು. ಬೀಜಕ್ಕೆ ಇಡಬಾರದು.

ಗಿಡ ಎತ್ತುವಾಗಲೇ ತಾಯಿ ಬೇರಿನ ಕೆಳಭಾಗ ಮಣ್ಣಲ್ಲೇ ಉಳಿಯಿತು; ಬಂದ ಬೇರು ಕಪ್ಪಗೆ, ಒಣಗಿ, ಕವಲು ಬೇರಿಲ್ಲದೆ ಬೋಳಾಗಿದೆ; ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ; ತೊಗಟೆ ಸುಲಿದರೆ ಒಳಗೆ ಸೂಜಿ ಮೊನೆಯಷ್ಟು ಕರಿ ಚುಕ್ಕೆಗಳಿವೆ. ಇದು ಒಣ ಬೇರು ಕೊಳೆ, ಶಿಲೀಂಧ್ರ ರೈಜೋಕ್ಟೋನಿಯಾ ಬಟಾಟಿಕೋಲಾ. ಮ್ಯಾಕ್ರೋಫೋಮಿನಾ ಎಂದೂ ಕರೆಯುತ್ತಾರೆ. ಎಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಗಿಡ ನಿಂತಲ್ಲೇ ಒಣಗುತ್ತದೆ, ಜೋತು ಬೀಳುವುದು ಕಡಿಮೆ. ಬರುವ ಕಾಲ ಹೂವಿನಿಂದ ಕಾಯಿ ತುಂಬುವವರೆಗೆ, ಮಣ್ಣಿನ ಹಸಿ ಆರಿ ಬಿಸಿ 30 ಡಿಗ್ರಿ ಮೇಲೆ ಹೋದಾಗ. ಹಸಿ ಬೇಗ ಆರುವ ತೆಳು ಎರೆಯಲ್ಲಿ, ತಡವಾಗಿ ಬಿತ್ತಿದ ಕಡಲೆಯಲ್ಲಿ ಇದರದೇ ಕಾಟ.

ಬುಡದಲ್ಲಿ, ನೆಲ ಮಟ್ಟದಲ್ಲಿ ಕಾಂಡ ಮೆತ್ತಗಾಗಿ ಕೊಳೆತು ಸಣ್ಣಗಾಗಿದೆ, ಸುತ್ತ ಬಿಳಿ ಹತ್ತಿಯಂಥ ಎಳೆ, ಅದರ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಬಿಳಿ ಅಥವಾ ಕಂದು ಗುಂಡುಗಳು: ಬುಡ ಕೊಳೆ, ಸ್ಕ್ಲೀರೋಷಿಯಂ ರಾಲ್ಫ್ಸಿ. ಬಿತ್ತಿದ ಆರು ವಾರದೊಳಗೆ ಹೆಚ್ಚು. ಹಿಂದಿನ ಬೆಳೆಯ ಅರೆ ಕಳಿತ ಕಸ, ಕಳಿಯದ ತಿಪ್ಪೆ ಗೊಬ್ಬರ, ಬಿತ್ತುವಾಗ ವಿಪರೀತ ಹಸಿ, ಮೇಲೆ ಬಿಸಿ: ಈ ನಾಲ್ಕು ಸೇರಿದ ಕಡೆ ಇದು ಖಂಡಿತ. ಸೋಯಾ ಅಥವಾ ಹೆಸರು ಕೊಯ್ದು ಕಸ ಮಗುಚಿ ವಾರದೊಳಗೆ ಕಡಲೆ ಬಿತ್ತಿದ ಹೊಲಗಳಲ್ಲಿ ಮೊದಲು ಇದನ್ನೇ ಹುಡುಕಿ.

ಇನ್ನೊಂದು ಇದೆ, ಬಹಳ ಜನ ಗಮನಿಸುವುದಿಲ್ಲ. ಗಿಡ ಗಿಡ್ಡವಾಗಿದೆ, ಎಲೆ ಕಿತ್ತಳೆ ಅಥವಾ ಕಂದು ಬಣ್ಣಕ್ಕೆ ತಿರುಗಿ ದಪ್ಪಗಾಗಿ ಗಡುಸಾಗಿದೆ. ಬುಡವನ್ನು ಓರೆಯಾಗಿ ಕತ್ತರಿಸಿದರೆ ಕಂದು ಬಣ್ಣ ತೊಗಟೆಯ ಒಳಮಗ್ಗುಲಲ್ಲಿ ಉಂಗುರದ ಹಾಗಿದೆ, ನಡುವಿನ ಕಟ್ಟಿಗೆ ಬೆಳ್ಳಗಿದೆ. ಅದು ನಂಜುರೋಗದಿಂದ ಬರುವ ಕುಂಠಿತ. ಆಹಾರ ಇಳಿಸುವ ನಾಳಕ್ಕೆ ಬಂದದ್ದು, ನೀರು ಏರಿಸುವ ನಾಳಕ್ಕಲ್ಲ. ಇದಕ್ಕೆ ಶಿಲೀಂಧ್ರನಾಶಕ ಎಷ್ಟು ಹಾಕಿದರೂ ವ್ಯರ್ಥ.

ಬೇರು, ಕಾಂಡದ ಒಳಗೆ ಮಣ್ಣು ತುಂಬಿದ ಟೊಳ್ಳು ಇದ್ದರೆ ಗೆದ್ದಲು. ಬೇರು ಕಡಿದು ತಿಂದಂತಿದ್ದರೆ ಗೊಣ್ಣೆ ಹುಳು. ಇವು ತಾನೇ ಕಾಣುತ್ತವೆ.

ಒಂದೇ ಹೊಲದಲ್ಲಿ ಎರಡು ರೋಗ ಸಿಗುವುದು ಅಪರೂಪವಲ್ಲ. ಐದು ಗಿಡದಲ್ಲಿ ಮೂರರಲ್ಲಿ ನಡುಗೆರೆ, ಎರಡರಲ್ಲಿ ಬೋಳು ಬೇರು ಕಂಡರೆ ಗೊಂದಲ ಬೇಡ. ಎರಡೂ ಇವೆ ಅಂತಲೇ ಲೆಕ್ಕ ಹಿಡಿಯಿರಿ.

ತೊಗರಿ

ತೊಗರಿಯ ನೆಟೆ ರೋಗ ಸಾಮಾನ್ಯವಾಗಿ ಹೂ, ಕಾಯಿ ಹೊತ್ತಿಗೆ ಎದ್ದು ಕಾಣುತ್ತದೆ, ಸೋಂಕು ಅದಕ್ಕಿಂತ ಬಹಳ ಮೊದಲೇ ಆಗಿರುತ್ತದೆ. ಹೊರಗಿನ ಗುರುತು: ಬುಡದಿಂದ ಮೇಲಕ್ಕೆ ಕಾಂಡದ ಒಂದು ಮಗ್ಗುಲಿಗೆ ನೇರಳೆ ಬಣ್ಣದ ಪಟ್ಟೆ. ಆ ಪಟ್ಟೆಯ ಮೇಲೆ ತೊಗಟೆ ಸುಲಿದರೆ ಅಡಿಯ ಕಟ್ಟಿಗೆಯಲ್ಲಿ ಕಂದು, ಕಪ್ಪು ಗೆರೆಗಳು. ಅದೇ ಗಿಡದ ಇನ್ನೊಂದು ಮಗ್ಗುಲು ಬೆಳ್ಳಗಿರಬಹುದು. ಹಾಗಾಗಿ ಅರ್ಧ ಗಿಡ ಒಣಗಿ ಅರ್ಧ ಹಸಿರಾಗಿ ನಿಂತಿರುವುದುಂಟು. ತೊಗಟೆ ಸುಲಿಯುವಾಗ ಒಂದೇ ಕಡೆ ನೋಡಿ ಬಿಡಬೇಡಿ, ಸುತ್ತಲೂ ಸುಲಿಯಿರಿ.

ಇದರ ಜೊತೆ ಗೊಂದಲ ಆಗುವುದು ಫೈಟಾಪ್ತೊರಾ ಮಚ್ಚೆ ರೋಗ. ಅದರಲ್ಲಿ ಕಾಂಡದ ಹೊರಗೆ, ನೆಲದಿಂದ ಸ್ವಲ್ಪ ಮೇಲೆ, ಒಳಕ್ಕೆ ತಗ್ಗಿದ ಕಪ್ಪು ಕಂದು ಮಚ್ಚೆ ಇರುತ್ತದೆ. ಅದರ ಮೇಲಿನ ಭಾಗ ಮಾತ್ರ ಒಣಗುತ್ತದೆ. ಜೋರು ಗಾಳಿಗೆ ಆ ಮಚ್ಚೆಯಲ್ಲೇ ಗಿಡ ಮುರಿಯುತ್ತದೆ. ಮುಂಗಾರಿನಲ್ಲಿ ನೀರು ನಿಂತ ಡೋಣಿ ಹೊಳೆ ಸಾಲಿನ ಭಾರಿ ಎರೆಯಲ್ಲಿ ಇದು ಸಾಮಾನ್ಯ. ಇದಕ್ಕೆ ಬೇಕಾದದ್ದು ನೀರು ಹೊರಗೆ ಹೋಗುವ ದಾರಿ, ಏರು ಮಡಿ ಬಿತ್ತನೆ.

ಬೇರೆ ಬೆಳೆಯಲ್ಲಿ ಮೋಸ ಹೋಗುವ ಜಾಗಗಳು

ಬಿಟಿ ಹತ್ತಿ ದೀರ್ಘ ಒಣಗಾಲದ ನಂತರ ಜೋರು ಮಳೆ ಅಥವಾ ನೀರು ಹಾಯಿಸಿದ ಕೆಲವೇ ಗಂಟೆಯಲ್ಲಿ, ಕಾಯಿ ತುಂಬಿದ ಗಿಡಗಳೇ ಆರಿಸಿದಂತೆ ಜೋತು ಬಿದ್ದರೆ ಅದು ರೋಗವೇ ಅಲ್ಲ, ಪ್ಯಾರಾ ವಿಲ್ಟ್. ಸೀಳಿದರೆ ಒಳಗೆ ಬೆಳ್ಳಗಿರುತ್ತದೆ. 24ರಿಂದ 48 ಗಂಟೆಯೊಳಗೆ ಕೋಬಾಲ್ಟ್ ಕ್ಲೋರೈಡ್ 1 ಗ್ರಾಂ 100 ಲೀಟರ್ ನೀರಿಗೆ ಬೆರೆಸಿ ಸಿಂಪಡಿಸಿದರೆ ಅನೇಕ ಗಿಡ ಎದ್ದುಕೊಳ್ಳುತ್ತವೆ. ಎರಡು ದಿನ ಕಳೆದ ಮೇಲೆ ಪ್ರಯೋಜನ ಇಲ್ಲ. ಸಿಡಿ ರೋಗ ಅಂದುಕೊಂಡು ಎರಡು ದಿನ ಕಳೆದವರು ಇಲ್ಲಿ ಬೆಳೆ ಕಳೆದುಕೊಳ್ಳುತ್ತಾರೆ.

ಬೆಳಗಾವಿಯ ಪಶ್ಚಿಮದ ಕೆಂಪು ಮಣ್ಣಿನ ಆಲೂಗಡ್ಡೆ, ಟೊಮ್ಯಾಟೊ, ಬದನೆಯಲ್ಲಿ ಹಸಿರಾಗಿಯೇ ಬಾಡಿದ ಗಿಡಕ್ಕೆ ಗಾಜಿನ ಲೋಟದ ಪರೀಕ್ಷೆ ಮಾಡಿ. ಬುಡದ ಕಾಂಡ ನಾಲ್ಕು ಬೆರಳು ತುಂಡು ಕತ್ತರಿಸಿ ತಿಳಿ ನೀರಿನಲ್ಲಿ ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಐದು ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ಇಳಿದರೆ ಬ್ಯಾಕ್ಟೀರಿಯಾ ಸೊರಗು. ಶಿಲೀಂಧ್ರದ ಸೊರಗಾದರೆ ನೀರು ತಿಳಿಯಾಗಿಯೇ ಇರುತ್ತದೆ.

ಕಬ್ಬಿನಲ್ಲಿ ಸೀಳಿದಾಗ ಗಣಿಕೆಯ ನಡುವೆ ದೋಣಿಯಾಕಾರದ ಟೊಳ್ಳು, ಕೆಂಗಂದು ಬಣ್ಣ ಇದ್ದರೆ ಸೊರಗು. ಕೆಂಪಿನ ನಡುವೆ ಅಡ್ಡ ಬಿಳಿ ಮಚ್ಚೆ, ಹುಳಿತ ವಾಸನೆ ಇದ್ದರೆ ಕೆಂಪು ಕೊಳೆ. ಎರಡರಲ್ಲಿ ಯಾವುದೇ ಆದರೂ ಆ ಹೊಲದ ಬೀಜದ ಕಬ್ಬು ಬೇಡ.

ನಿಂತ ಬೆಳೆಗೆ ಎಷ್ಟು ಮಾಡಬಹುದು

ಕಡಲೆ, ತೊಗರಿಯಲ್ಲಿ ಬಾಡಿದ ಗಿಡ ಮತ್ತೆ ಏಳುವುದಿಲ್ಲ. ಬುಡಕ್ಕೆ ಔಷಧ ಸುರಿಯೋಣ ಅನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತ ಹಿಡಿದರೆ ಎಕರೆಗೆ ಸುಮಾರು 1.35 ಲಕ್ಷ ಕಡಲೆ ಗಿಡ. ಗಿಡಕ್ಕೆ 100 ಮಿ.ಲೀ. ಸುರಿದರೂ 13,500 ಲೀಟರ್ ನೀರು ಬೇಕು. ಒಣ ಬೇಸಾಯದ ಹೊಲಕ್ಕೆ 5,000 ಲೀಟರಿನ ಟ್ಯಾಂಕರ್ ಮೂರು ಸಲ ತಂದು ಕಡಲೆ ಉಳಿಸುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ರೋಗ ಇನ್ನೂ ಎರಡು ಮೂರು ಸಣ್ಣ ಮಡಿಗಳಲ್ಲೇ ಇದ್ದರೆ ಆ ಗಿಡಗಳನ್ನು ಬೇರು ಸಮೇತ ಚೀಲಕ್ಕೆ ಹಾಕಿ ಹೊರಗೆ ಸುಡಿ, ಮಡಿಯ ನಾಲ್ಕು ಮೂಲೆಗೆ ಗೂಟ ಹೊಡೆದು ಗುರುತು ಇಡಿ. ಆ ಗೂಟವೇ ಮುಂದಿನ ವರ್ಷದ ನಕ್ಷೆ. ಆ ಜಾಗದಲ್ಲಿ ಎಡೆ ಹೊಡೆದ ಕುಂಟೆಯನ್ನು ತೊಳೆಯದೆ ಪಕ್ಕದ ಹೊಲಕ್ಕೆ ಒಯ್ಯಬೇಡಿ.

ಒಣ ಬೇರು ಕೊಳೆ ಒಂದರಲ್ಲಿ ಮಾತ್ರ ನಿಂತ ಬೆಳೆಗೆ ಒಂದು ದಾರಿ ಇದೆ: ನೀರಿನ ಅನುಕೂಲ ಇದ್ದರೆ ಮಣ್ಣು ಬಿರಿಯುವ ಮುಂಚೆ ಒಂದು ತೆಳು ನೀರು. ಸ್ಪ್ರಿಂಕ್ಲರ್ ಒಳ್ಳೆಯದು. ಭಾರಿ ಎರೆಯಲ್ಲಿ ಹರಿ ನೀರು ಕಟ್ಟಿದರೆ ಬೇರೆ ಕೊಳೆ ಬರುತ್ತದೆ.

ಮುಂದಿನ ವರ್ಷಕ್ಕೆ

ಸಿಡಿ ರೋಗ ಅಂತ ಖಚಿತವಾದರೆ ಮೊದಲ ಕೆಲಸ ತಳಿ ಬದಲಿಸುವುದು. ಹಳೆಯ ಅಣ್ಣಿಗೇರಿ-1 ರುಚಿ, ಇಳುವರಿ ಎರಡರಲ್ಲೂ ಹೆಸರಾದ ತಳಿ, ಆದರೆ ಸಿಡಿ ರೋಗಕ್ಕೆ ಸುಲಭದ ತುತ್ತು. ಅದೇ ತಳಿಗೆ ಡಬ್ಲ್ಯೂ.ಆರ್. 315 ಎಂಬ ನಿರೋಧಕ ಸಾಲಿನಿಂದ ರೋಗ ತಡೆಯುವ ಗುಣ ಸೇರಿಸಿ ಮಾಡಿದ್ದು ಸೂಪರ್ ಅಣ್ಣಿಗೇರಿ-1. ಜೆ.ಜಿ.-11 ಕೂಡ ಸಿಡಿ ನಿರೋಧಕ. ತೊಗರಿಯಲ್ಲಿ ಮಾರುತಿ, ಆಶಾ, ಟಿ.ಎಸ್.-3ಆರ್, ಬಿ.ಎಸ್.ಎಂ.ಆರ್.-736 ನೆಟೆ ರೋಗ ತಡೆಯಲೆಂದೇ ಬಂದವು. ಆಶಾ ಮತ್ತು ಬಿ.ಎಸ್.ಎಂ.ಆರ್.-736 ಗಿಡ ಹೂ, ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗವನ್ನೂ ತಡೆಯುತ್ತವೆ. ನಿರೋಧಕ ತಳಿಯಲ್ಲೂ ಗಿಡ ಸತ್ತರೆ ಬೀಜದವರನ್ನು ಬೈಯುವ ಮುಂಚೆ ಮತ್ತೆ ಕಿತ್ತು ನೋಡಿ: ಸಿಡಿ ನಿರೋಧಕ ಅಂದರೆ ಬೇರು ಕೊಳೆಗೂ ನಿರೋಧಕ ಅಂತಲ್ಲ. ಎರಡನೆಯದಾಗಿ ಈ ಶಿಲೀಂಧ್ರದಲ್ಲೇ ಹಲವು ಪಂಗಡಗಳಿವೆ, ಒಂದು ಸೀಮೆಯಲ್ಲಿ ತಡೆದ ತಳಿ ಇನ್ನೊಂದು ಸೀಮೆಯಲ್ಲಿ ಬೀಳಬಹುದು. ಮೂರನೆಯದು, ಮನೆಯ ಕಣದಲ್ಲಿ ಬೀಜ ಬೆರೆತಿರುತ್ತದೆ. ನಾಲ್ಕಾರು ವರ್ಷ ಬದಲಿಸದೆ ಇಟ್ಟ ಬೀಜಕ್ಕೆ ತಳಿಯ ಹೆಸರು ಮಾತ್ರ ಉಳಿದಿರುತ್ತದೆ.

ಪರ್ಯಾಯ ಬೆಳೆ. ಸಿಡಿ ರೋಗದ ಹೊಲಕ್ಕೆ ಮೂರು ವರ್ಷವಾದರೂ ಕಡಲೆ ಬೇಡ. ಜೋಳ, ಗೋಧಿ, ಕುಸುಬೆ ಹಾಕಬಹುದು. ಶಿಲೀಂಧ್ರ ಅದಕ್ಕಿಂತ ಹೆಚ್ಚು ಕಾಲ ಬದುಕುವುದರಿಂದ ಇದು ರೋಗವನ್ನು ತಗ್ಗಿಸುತ್ತದೆ, ತೆಗೆಯುವುದಿಲ್ಲ. ತೊಗರಿಯ ಜೊತೆ ಜೋಳ ಅಕ್ಕಡಿ ಹಾಕಿದರೆ ನೆಟೆ ರೋಗ ಇಳಿಯುತ್ತದೆ. ಈ ಭಾಗದಲ್ಲಿ ಹಿಂದೆ ಇದ್ದ ಪದ್ಧತಿಯೇ ಅದು, ಬರೀ ತೊಗರಿ ಬಿತ್ತುವುದು ಹೆಚ್ಚಿದ ಮೇಲೆ ಬಿಟ್ಟುಹೋಗಿದೆ.

ಒಣ ಬೇರು ಕೊಳೆ ಸಿಕ್ಕಿದ್ದರೆ ಈ ಲೆಕ್ಕ ತಲೆಕೆಳಗು. ಹಿಂಗಾರಿ ಮಾಲದಂಡಿ ಜೋಳದ ಕಾಂಡ ಕಾಳು ಕಟ್ಟುವ ಹೊತ್ತಿಗೆ ಒಳಗೆ ಕಪ್ಪಾಗಿ ಟೊಳ್ಳಾಗಿ ನೆಲಕ್ಕೆ ಒರಗುವ ಇದ್ದಿಲು ಕೊಳೆ ಇದೆಯಲ್ಲ, ಅದಕ್ಕೂ ಇದೇ ಮ್ಯಾಕ್ರೋಫೋಮಿನಾ ಕಾರಣ. ಸೂರ್ಯಕಾಂತಿ, ಹೆಸರು, ಹತ್ತಿ ಹೀಗೆ ನೂರಾರು ಬೆಳೆಗೆ ಹತ್ತುವ ಶಿಲೀಂಧ್ರ ಅದು. ಬೆಳೆ ಬದಲಿಸಿ ಓಡಿಸಲಾಗದು. ಅಲ್ಲಿ ಗಮನ ಹಸಿಯ ಮೇಲೆ ಇರಬೇಕು: ಬೇಗ ಮಾಗುವ ತಳಿ, ಹಸಿ ಆರುವ ಮುಂಚೆ ಬಿತ್ತನೆ, ಗಿಡದ ಸಂಖ್ಯೆ ಅತಿಯಾಗದಂತೆ ನೋಡಿಕೊಳ್ಳುವುದು, ಹೊಲದ ಹಸಿ ಹಿಡಿಯಲು ಚೌಕು ಮಡಿ. ಬುಡ ಕೊಳೆ ಆಗಿದ್ದರೆ ಹಿಂದಿನ ಬೆಳೆಯ ಕಸ ಆರಿಸಿ ತೆಗೆಯುವುದು, ಪೂರ್ತಿ ಕಳಿತ ಗೊಬ್ಬರ ಮಾತ್ರ ಹಾಕುವುದು, ಕಸ ಮಗುಚಿದ ಮೇಲೆ ಕಳಿಯಲು ಸಮಯ ಕೊಡುವುದು.

ಬಿತ್ತುವ ದಿನದಲ್ಲಿ ಇಕ್ಕಟ್ಟು ಇದೆ. ಸೆಪ್ಟೆಂಬರ್‌ನಲ್ಲೇ ಮಣ್ಣು ಬಿಸಿ ಇರುವಾಗ ಬಿತ್ತಿದರೆ ಸಿಡಿ ಹೆಚ್ಚು. ಫ್ಯುಸೇರಿಯಂ 25–28 ಡಿಗ್ರಿ ಮಣ್ಣಿನಲ್ಲಿ ಚುರುಕು. ತಡ ಮಾಡಿದರೆ ಕಾಯಿ ಹೊತ್ತಿಗೆ ಹಸಿ ಆರಿ ಬೇರು ಕೊಳೆ. ಹೊಲದ ರೋಗ ಯಾವುದು ಗೊತ್ತಿದ್ದರೆ ಯಾವ ಕಡೆಗೆ ವಾಲಬೇಕು ಅನ್ನುವುದು ಗೊತ್ತಾಗುತ್ತದೆ: ಸಿಡಿ ಇದ್ದ ಹೊಲ ಅಕ್ಟೋಬರ್ ನಡುವಿಗೆ, ಬೇರು ಕೊಳೆ ಇದ್ದ ಹೊಲ ಅದಕ್ಕಿಂತ ಮೊದಲು. ಆಳ 8–10 ಸೆಂ.ಮೀ. ಇರಲಿ, ಮೇಲೆ ಬಿದ್ದ ಬೀಜದ ಗಿಡದಲ್ಲಿ ಸಿಡಿ ಜಾಸ್ತಿ.

ಬೀಜೋಪಚಾರ ಕೈಕೊಡುವುದು ಎಲ್ಲಿ

ಎಕರೆಗೆ 25 ಕೆ.ಜಿ. ಕಡಲೆ ಬೀಜ ಅಂತ ಹಿಡಿದರೆ, ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಕೆ.ಜಿ.ಗೆ 4 ಗ್ರಾಂನಂತೆ 100 ಗ್ರಾಂ. ಇದರ ಬದಲು ರಾಸಾಯನಿಕ ಬೇಕೆಂದರೆ ಥೈರಂ 2 ಗ್ರಾಂ ಜೊತೆ ಕಾರ್ಬೆಂಡಾಜಿಂ 1 ಗ್ರಾಂ ಪ್ರತಿ ಕೆ.ಜಿ.ಗೆ. ಎರಡನ್ನೂ ಒಟ್ಟಿಗೆ ಹಾಕುವುದೇ ಅತಿ ಸಾಮಾನ್ಯ ಎಡವಟ್ಟು: ಕಾರ್ಬೆಂಡಾಜಿಂ ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ, ಎರಡರ ದುಡ್ಡೂ ಹೋಗುತ್ತದೆ. ರಾಸಾಯನಿಕ ಹಚ್ಚಿದರೆ ಅದು ಮೊದಲು, ನೆರಳಲ್ಲಿ ಆರಿದ ಮೇಲೆ ಸಾರಜನಕ ಹಿಡಿಯುವ ರೈಜೋಬಿಯಂ ಕೊನೆಗೆ. 25 ಕೆ.ಜಿ. ಬೀಜಕ್ಕೆ ಕಾಲು ಲೀಟರ್‌ಗಿಂತ ಹೆಚ್ಚು ನೀರು ಬಿದ್ದರೆ ಕಡಲೆಯ ಸಿಪ್ಪೆ ಸಡಿಲಾಗಿ ಕೂರಿಗೆಯಲ್ಲಿ ಬೀಜ ಹೋಳಾಗುತ್ತದೆ.

ಟ್ರೈಕೋಡರ್ಮಾ ಜೀವಂತ ವಸ್ತು ಅನ್ನುವುದನ್ನು ಅಂಗಡಿಯ ಕಪಾಟೂ ಮರೆಯುತ್ತದೆ, ಕೊಳ್ಳುವವರೂ ಮರೆಯುತ್ತಾರೆ. ಪಾಕೀಟಿನ ಮೇಲೆ ತಯಾರಾದ ದಿನ, ಅವಧಿ, ಜೀವಂತ ಕಣ ಗ್ರಾಂಗೆ ಕನಿಷ್ಠ 2×10⁶ (20 ಲಕ್ಷ) ಎಂಬ ಸಂಖ್ಯೆ ನೋಡಿ. ಬಿಸಿಲಿಗೆ ಇಟ್ಟ ಪಾಕೀಟು ಬೇಡ. ಮಣ್ಣಿಗೆ ಹಾಕುವುದಾದರೆ 1 ಕೆ.ಜಿ. ಪುಡಿಯನ್ನು 100 ಕೆ.ಜಿ. ಕಳಿತ ಗೊಬ್ಬರಕ್ಕೆ ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ ನಿಲ್ಲುವಷ್ಟು ಮಾತ್ರ ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ, ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ. 10–15 ದಿನದಲ್ಲಿ ಹಸಿರು ಬೂಸ್ಟು ಕಂಡರೆ ಅದು ಬದುಕಿದೆ. ಏನೂ ಕಾಣದಿದ್ದರೆ ಹೊಲಕ್ಕೆ ಹಾಕಿದರೂ ಬರೀ ಗೊಬ್ಬರ. ಬಿತ್ತುವ ಸಾಲಿನಲ್ಲಿ, ಹಸಿ ಮಣ್ಣಿಗೆ ಹಾಕಬೇಕು. ಒಣ ಹೊಲದ ಮೇಲೆ ಎರಚಿದರೆ ಬಿಸಿಲಿಗೆ ಸಾಯುತ್ತದೆ.

ಬೇಸಿಗೆಯಲ್ಲಿ ಆಳ ರೆಂಟೆ ಹೊಡೆದು ಹೆಂಟೆ ಕಾಯಿಸುವುದು ಈ ಸೀಮೆಗೆ ಹೇಳಿ ಮಾಡಿಸಿದ್ದು. ಜೊತೆಗೆ ತೊಗರಿ ಕೊಯ್ದ ಮೇಲೆ ನಿಲ್ಲುವ ಕೂಳೆಯನ್ನು ಬುಡ ಸಮೇತ ಆರಿಸಿ ತೆಗೆಯಬೇಕು. ಮಣ್ಣಿಗೆ ಮಗುಚಿದರೆ ಶಿಲೀಂಧ್ರಕ್ಕೆ ಮೂರು ವರ್ಷದ ಮನೆ ಸಿಗುತ್ತದೆ. ಪ್ಲಾಸ್ಟಿಕ್ ಹಾಸಿ ಮಣ್ಣು ಕಾಯಿಸುವುದು ಸಸಿ ಮಡಿಗೆ ಸರಿ, ಎಕರೆಗಟ್ಟಲೆ ಕಡಲೆ ಹೊಲಕ್ಕೆ ಆಗುವ ಮಾತಲ್ಲ.

ದಾಳಿಂಬೆಯಲ್ಲಿ ಲೆಕ್ಕ ಬೇರೆ

ದಾಳಿಂಬೆಯ ಸೊರಗು ರೋಗ ಭಾರತದಲ್ಲಿ ಮೊದಲು ಗಮನಕ್ಕೆ ಬಂದದ್ದು ವಿಜಯಪುರ ಜಿಲ್ಲೆಯಲ್ಲೇ, 1990ರಲ್ಲಿ. 1993ರ ಹೊತ್ತಿಗೆ ಜಿಲ್ಲೆ ತುಂಬ ಹರಡಿತ್ತು. ಸೆರಟೋಸಿಸ್ಟಿಸ್ ಫಿಂಬ್ರಿಯಾಟ ಎಂಬ ಶಿಲೀಂಧ್ರ ಇದರ ಮುಖ್ಯ ಕಾರಣ ಎಂದು ತಿಳಿದದ್ದು ಕೆಲ ವರ್ಷದ ನಂತರ. ಇಲ್ಲಿ ಒಂದೊಂದು ಗಿಡಕ್ಕೂ ಬೆಲೆ ಇದೆ, ಗಿಡಗಳ ಸಂಖ್ಯೆ ಎಕರೆಗೆ 300ರ ಆಸುಪಾಸು. ಕಡಲೆಯಲ್ಲಿ ಹಾಸ್ಯಾಸ್ಪದವಾದ ಬುಡಕ್ಕೆ ಸುರಿಯುವ ಕೆಲಸ ಇಲ್ಲಿ ಸಾಧ್ಯ: ಗಿಡಕ್ಕೆ 10 ಲೀಟರ್‌ನಂತೆ 20 ಗಿಡಕ್ಕೆ 200 ಲೀಟರಿನ ಒಂದು ಬ್ಯಾರಲ್ ಸಾಕು.

ಮೊದಲ ಸೂಚನೆ ಒಂದೇ ರೆಂಬೆಯ ಎಲೆ ಹಳದಿಯಾಗಿ ಬಾಡುವುದು. ಕಾಯಿ ಬಿಟ್ಟ ಗಿಡದಲ್ಲಿ ಇದನ್ನು ಭಾರಕ್ಕೆ ಸೊರಗಿದೆ ಅಂದುಕೊಂಡು ನೀರು ಹೆಚ್ಚಿಸುತ್ತಾರೆ. ಭಾರಿ ಎರೆಯಲ್ಲಿ ಆ ನೀರೇ ಗಿಡವನ್ನು ಬೇಗ ಮುಗಿಸುತ್ತದೆ. ಬಾಡಿದ ರೆಂಬೆಯ ಬುಡ ಮತ್ತು ದಪ್ಪ ಬೇರನ್ನು ಅಡ್ಡಕ್ಕೆ ಕತ್ತರಿಸಿ. ತೊಗಟೆಯ ಒಳಗಿನ ಹೊರ ಕಟ್ಟಿಗೆಯಲ್ಲಿ ಬೂದುಗಂದು ಕಲೆ, ಅಲ್ಲಿಂದ ನಡುವಿನ ಕಡೆ ಕಿರಣ ಹೊಡೆದಂತೆ ಚೂಪಾಗಿ ಚಾಚಿದ್ದರೆ ಅನುಮಾನ ಬಲವಾಯಿತು. ಬುಡದಲ್ಲಿ ಗುಂಡುಸೂಜಿ ತೂರುವಷ್ಟು ತೂತು, ಅದರಿಂದ ಹೊಟ್ಟಿನಂಥ ಪುಡಿ ಇದ್ದರೆ ಕಾಂಡ ಕೊರೆಯುವ ದುಂಬಿ. ತೆಳು ಬೇರಿನಲ್ಲಿ ಗಂಟು ಗಂಟು ಇದ್ದರೆ ಬೇರು ಗಂಟು ಜಂತುಹುಳು. ಇವೆರಡೂ ಶಿಲೀಂಧ್ರಕ್ಕೆ ಬಾಗಿಲು ತೆಗೆಯುತ್ತವೆ. ಬರೀ ಶಿಲೀಂಧ್ರನಾಶಕ ಸುರಿದು ಇವನ್ನು ಬಿಟ್ಟರೆ ಆರು ತಿಂಗಳಲ್ಲಿ ಪಕ್ಕದ ಗಿಡ ಬಾಡುತ್ತದೆ.

ಖಚಿತ ಮಾಡಿಕೊಳ್ಳಲು ಗಜ್ಜರಿ (ಕ್ಯಾರೆಟ್) ಪರೀಕ್ಷೆ ಇದೆ, ಮನೆಯಲ್ಲೇ ಆಗುತ್ತದೆ. ತಾಜಾ ಗಜ್ಜರಿ ತೊಳೆದು ಸಿಪ್ಪೆ ತೆಗೆದು ಅರ್ಧ ಸೆಂ.ಮೀ. ದಪ್ಪದ ಬಿಲ್ಲೆ ಕತ್ತರಿಸಿ. ಕಲೆ ಇರುವ ಕಟ್ಟಿಗೆಯ ತೆಳು ಚಕ್ಕೆಯನ್ನು ಎರಡು ಬಿಲ್ಲೆಗಳ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿ ನೆರಳಲ್ಲಿ ಇಡಿ. 7–10 ದಿನದಲ್ಲಿ ಬಿಲ್ಲೆಯ ಮೇಲೆ ಬೂದು ಬೂಸ್ಟು, ಅದರಿಂದ ಮೇಲೆದ್ದ ಕಪ್ಪು ಮುಳ್ಳಿನಂಥ ಉದ್ದ ಕತ್ತುಗಳು, ಕತ್ತಿನ ತುದಿಗೆ ಕೆನೆ ಬಣ್ಣದ ಸಣ್ಣ ಹನಿ, ಹಣ್ಣಿನ ವಾಸನೆ: ಸೆರಟೋಸಿಸ್ಟಿಸ್. ಆರೋಗ್ಯದ ಕಟ್ಟಿಗೆಯ ಚಕ್ಕೆ ಇಟ್ಟ ಇನ್ನೊಂದು ಜೋಡಿ ಬಿಲ್ಲೆಯನ್ನೂ ಪಕ್ಕದಲ್ಲೇ ಇಡಿ. ಎರಡರಲ್ಲೂ ಒಂದೇ ಥರ ಬೂಸ್ಟು ಬಂದರೆ ಪರೀಕ್ಷೆ ಕೆಟ್ಟಿದೆ.

ಪೂರ್ತಿ ಬಾಡಿದ ಗಿಡ ಉಳಿಯುವುದಿಲ್ಲ. ಅದರ ಡ್ರಿಪ್ ಮುಚ್ಚಿ. ಕೆಲಸ ಸುತ್ತಲಿನ ಗಿಡಗಳಿಗೆ. ಪ್ರೊಪಿಕೊನಜೋಲ್ 25 ಇ.ಸಿ. ಲೀಟರಿಗೆ 2 ಮಿ.ಲೀ. ಬೆರೆಸಿ, ಆಗಷ್ಟೇ ಬಾಡಲು ಸುರುವಾದ ಗಿಡ ಮತ್ತು ಅದರ ನಾಲ್ಕೂ ಕಡೆಯ ಗಿಡಗಳ ಬುಡಕ್ಕೆ 8–10 ಲೀಟರ್ ಸುರಿಯಿರಿ; 20 ದಿನಕ್ಕೊಮ್ಮೆ ಮೂರು ಸಲ. ಮಣ್ಣು ಹಸಿಯಾಗಿರುವಾಗ ಸುರಿದರೆ ಬೇರಿನವರೆಗೆ ಇಳಿಯುತ್ತದೆ, ಬಿರುಕು ಬಿಟ್ಟ ಎರೆಗೆ ಸುರಿದರೆ ಬಿರುಕಿನಲ್ಲಿ ಇಳಿದು ಹೋಗುತ್ತದೆ. ದುಂಬಿ ಇದ್ದರೆ ಕ್ಲೋರ್‌ಪೈರಿಫಾಸ್ 20 ಇ.ಸಿ. 2 ಮಿ.ಲೀ. ಸೇರಿಸುವ ರೂಢಿ ಇದೆ. ಆದರೆ ಯುರೋಪಿಗೆ ಹೋಗುವ ಹಣ್ಣಿನ ತೋಟವಾದರೆ ಕಾಯಿ ಇರುವಾಗ ಬೇಡ, ಅಲ್ಲಿ 2020ರಿಂದ ಅದಕ್ಕೆ ಅನುಮತಿ ಇಲ್ಲ. ಈ ಔಷಧಗಳ ನಂತರ ಟ್ರೈಕೋಡರ್ಮಾ ಹಾಕಲು ನಾಲ್ಕು ವಾರವಾದರೂ ಬಿಡುವು ಕೊಡಿ. ಗಂಟು ಜಂತುಹುಳು ಇದ್ದ ತೋಟದಲ್ಲಿ ಬುಡದ ಸುತ್ತ ಚೆಂಡು ಹೂ ಹಚ್ಚುವುದು ಅಗ್ಗದ ಉಪಾಯ.

ಸತ್ತ ಗಿಡವನ್ನು ಬೇರು ಸಮೇತ ತೆಗೆದು ಅಲ್ಲೇ ಗುಂಡಿಯಲ್ಲಿ ಸುಡಿ. ಟ್ರ್ಯಾಕ್ಟರ್‌ಗೆ ಕಟ್ಟಿ ಸಾಲಿನ ಉದ್ದಕ್ಕೂ ಎಳೆದರೆ ಮಣ್ಣು, ಬೇರಿನ ಚೂರು ಎಲ್ಲ ಸಾಲಿಗೆ ಹಂಚಿದಂತೆ. ರೋಗದ ಗಿಡ, ಆರೋಗ್ಯದ ಗಿಡಗಳ ನಡುವೆ 3–4 ಅಡಿ ಆಳದ ಕಂದಕ ತೆಗೆದರೆ ಬೇರಿನಿಂದ ಬೇರಿಗೆ ದಾಟುವುದು ತಪ್ಪುತ್ತದೆ. ಚಾಟಣಿ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಬ್ಲೀಚಿಂಗ್ ನೀರಿನಲ್ಲಿ ಅದ್ದಿ. ಗೂಟಿ (ತಾಯಿ ಗಿಡದ ರೆಂಬೆಯ ಮೇಲೇ ಬೇರು ಬರಿಸಿ ಕತ್ತರಿಸಿದ) ಸಸಿ ತರುವ ಮುಂಚೆ ಆ ತಾಯಿ ತೋಟಕ್ಕೆ ಹೋಗಿ ನೋಡಿ. ಸೊರಗು ಇರುವ ತೋಟದ ಗೂಟಿಯಲ್ಲಿ ರೋಗವೂ ಬರುತ್ತದೆ.

ಮಾದರಿ ಕಳಿಸುವುದಾದರೆ

ಬಾಡಿದ ಗಿಡದ ಮೇಲುಭಾಗದ ಫೋಟೊ ವಾಟ್ಸಾಪಿನಲ್ಲಿ ಕಳಿಸಿದರೆ ಎಂಥ ತಜ್ಞರಿಗೂ ಊಹೆ ಮಾತ್ರ ಸಾಧ್ಯ. ಫೋಟೊವೇ ಕಳಿಸುವುದಾದರೆ ನಾಲ್ಕು ಬೇಕು: ಹೊಲದ ಪಟ್ಟೆ, ಇಡೀ ಗಿಡ, ತೊಳೆದ ಬೇರು, ಸೀಳಿದ ಬುಡದ ಪಕ್ಕ ಆರೋಗ್ಯದ ಗಿಡದ ಸೀಳು. ವಿಜಯಪುರದ ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಬೆಳಗಾವಿ ಜಿಲ್ಲೆಯ ಮತ್ತಿಕೊಪ್ಪ ಮತ್ತು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸಸ್ಯರೋಗ ತಜ್ಞರನ್ನು ವಿಚಾರಿಸಿ. ಅರ್ಧ ಬಾಡಿದ 3–5 ಗಿಡ, ತೊಳೆಯದೆ, ಬೇರಿನ ಮಣ್ಣು ಸಮೇತ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಅದೇ ದಿನ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಕೊಳೆತು ಬೇರೆ ಬೂಸ್ಟು ಬೆಳೆಯುತ್ತದೆ. ಚೀಟಿಯಲ್ಲಿ ತಳಿ, ಬಿತ್ತಿದ ದಿನ, ಹಿಂದಿನ ಎರಡು ವರ್ಷದ ಬೆಳೆ, ಹಚ್ಚಿದ ಬೀಜೋಪಚಾರ, ಈಗಾಗಲೇ ಸುರಿದ ಔಷಧ ಬರೆಯಿರಿ. ಔಷಧ ಸುರಿದ ಗಿಡದಿಂದ ಶಿಲೀಂಧ್ರ ಬೆಳೆಸುವುದು ಕಷ್ಟ, ಆದ್ದರಿಂದ ಮಾದರಿ ಮೊದಲು, ಪಂಪು ಆಮೇಲೆ.